ಸೋಪಿನ ದಿಮ್ಮಿಯಿಂದ ಸಮನಾದ ಬಿಲ್ಲೆಗಳು: ಮಾರಾಟಕ್ಕೆ ಸೋಪು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಮಾರಾಟಕ್ಕೆಂದು ಸೋಪು ಕತ್ತರಿಸಿ ಸಾಲಾಗಿ ಜೋಡಿಸಿದಾಗ ನನಗೆ ತುಂಬಾ ಖುಷಿಯಾಗಿತ್ತು. ಸ್ಕೇಲ್ ಹಿಡಿದು, ಗುರುತು ಹಾಕಿ ಕತ್ತರಿಸಿದ್ದೆ. ಎಲ್ಲ ಬಿಲ್ಲೆಗಳೂ ಒಂದೇ ದಪ್ಪ. ಆಮೇಲೆ ಸುಮ್ನೆ ಕುತೂಹಲಕ್ಕೆ ಒಂದೊಂದನ್ನೇ ತಕ್ಕಡಿ ಮೇಲೆ ಇಟ್ಟೆ. ತುದಿಯದು 106 ಗ್ರಾಂ, ನಡುವಿನದು 119 ಗ್ರಾಂ! ಚಾಕು ಸರಿಯಾಗಿತ್ತು, ಸ್ಕೇಲೂ ಸರಿಯಾಗಿತ್ತು. ಹೊಟ್ಟೆ ಬಿಟ್ಟಿದ್ದು ಅಚ್ಚು. ಸಿಲಿಕಾನ್ ಅಚ್ಚಿಗೆ ಪಕ್ಕದಲ್ಲಿ ಆಸರೆ ಇರಲಿಲ್ಲ, ಸೋಪಿನ ಹಿಟ್ಟು ಸುರಿದಾಗ ನಡುವೆ ಉಬ್ಬಿಕೊಂಡಿತ್ತು.

ಒಂದೇ ದಪ್ಪ ಬೇರೆ, ಒಂದೇ ತೂಕ ಬೇರೆ ಅಂತ ಅವತ್ತು ಗೊತ್ತಾಯಿತು. ಕೊಳ್ಳುವವರು ದುಡ್ಡು ಕೊಡುವುದು ತೂಕಕ್ಕೆ. ಲೇಬಲ್ ಮೇಲೆ ಬರೆಯುವುದೂ ತೂಕವನ್ನೇ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ, ಕತ್ತರಿಸುವ ತಂತಿ ಸೋಪಿಗೆ ತಾಗುವ ಮೊದಲು ಮಾಡಬೇಕಾದ ಕೆಲಸ. ಇದು ಮುಖ್ಯವಾಗಿ ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಸೇರಿಸಿ ಕೋಲ್ಡ್ ಪ್ರೋಸೆಸ್‌ನಲ್ಲಿ, ಅಂದರೆ ಬೇಯಿಸದೆ, ಮಾಡುವ ಸೋಪಿಗೆ. ಬೇರೆ ಬಗೆಗಳ ಮಾತು ನಡುನಡುವೆ ಬರುತ್ತದೆ.

ಅಚ್ಚು ನೆಟ್ಟಗಿದ್ದರೆ ಅರ್ಧ ಕೆಲಸ ಮುಗಿದಂತೆ

ಸಿಲಿಕಾನ್ ಅಚ್ಚನ್ನು ಅದರ ಅಳತೆಗೆ ಸರಿಹೊಂದುವ ಮರದ ಪೆಟ್ಟಿಗೆಯೊಳಗೆ ಕೂರಿಸಿ. ಪೆಟ್ಟಿಗೆ ಇಲ್ಲವೇ? ಎರಡೂ ಬದಿಗೆ ಹಲಗೆ ಒತ್ತಿ ಹಗ್ಗ ಬಿಗಿಯಿರಿ. ಸುರಿದ ಮೇಲೆ ಸ್ಕೇಲ್ ತೆಗೆದುಕೊಂಡು ಎರಡು ತುದಿ ಮತ್ತು ನಡುವಿನ ಅಗಲ ಅಳೆಯಿರಿ. 2 ಮಿ.ಮೀ. ವ್ಯತ್ಯಾಸ ಕಂಡರೂ ಆಗಲೇ ಬಿಗಿ ಮಾಡಿ. ಗಟ್ಟಿಯಾದ ಮೇಲೆ ಮಾಡಲು ಏನೂ ಇರುವುದಿಲ್ಲ.

ಅಚ್ಚು ಇಟ್ಟ ಮೇಜು ಮಟ್ಟವಾಗಿರಬೇಕು. ಓರೆಯಾಗಿದ್ದರೆ ದಿಮ್ಮಿಯ, ಅಂದರೆ ಅಚ್ಚಿನಿಂದ ಬರುವ ಉದ್ದನೆಯ ಸೋಪಿನ ತುಂಡಿನ, ಒಂದು ತುದಿ ಎತ್ತರ, ಇನ್ನೊಂದು ತಗ್ಗು. ಸುರಿದ ತಕ್ಷಣ ಅಚ್ಚನ್ನು ಮೇಜಿಗೆ ನಾಲ್ಕೈದು ಸಲ ಮೆಲ್ಲಗೆ ಕುಟ್ಟಿದರೆ ಒಳಗಿನ ಗಾಳಿ ಮೇಲೆ ಬರುತ್ತದೆ. ಇಲ್ಲದಿದ್ದರೆ ಕತ್ತರಿಸಿದ ಮುಖದಲ್ಲಿ ಗುಳಿಗಳು ಕಾಣುತ್ತವೆ.

ಮೇಲ್ಭಾಗದಲ್ಲಿ ಚಮಚದಿಂದ ಅಲೆ ಎಬ್ಬಿಸುವುದು ಚೆಂದವೇ. ಆದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ ಮಾಡಿದರೆ ತೂಕ ಕೈತಪ್ಪುತ್ತದೆ. ಅಲೆ ಬೇಕೇ ಬೇಕು ಅನ್ನುವವರು ದಿಮ್ಮಿಯ ಉದ್ದಕ್ಕೂ ಒಂದೇ ಥರ ಎಬ್ಬಿಸಲಿ.

ಎಷ್ಟು ದಪ್ಪ? ಲೆಕ್ಕವನ್ನು ಕೊನೆಯಿಂದ ಶುರು ಮಾಡಿ

ಹೊಸ ಸೋಪಿನಲ್ಲಿ ನೀರು ಜಾಸ್ತಿ ಇರುತ್ತದೆ. 4ರಿಂದ 6 ವಾರ ಒಣಗುವಾಗ, ಅಂದರೆ ಕ್ಯೂರಿಂಗ್ ಆಗುವಾಗ, ಆ ನೀರು ಆರಿ ಬಿಲ್ಲೆ ಹಗುರವಾಗುತ್ತದೆ, ಸ್ವಲ್ಪ ಕುಗ್ಗುತ್ತದೆ ಕೂಡ. ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರಷ್ಟು ತೂಕ ಇಳಿಯುತ್ತದೆ. ನೀವು ಹಾಕಿದ ನೀರು, ಹವೆಯ ತೇವ, ಬಿಲ್ಲೆಯ ದಪ್ಪ ಇವುಗಳ ಮೇಲೆ ಇದು ಬದಲಾಗುತ್ತದೆ. ಇವತ್ತು ಸರಿಯಾಗಿ 100 ಗ್ರಾಂ ತೂಗುವ ಬಿಲ್ಲೆ ಮಾರುವ ದಿನಕ್ಕೆ 88 ಗ್ರಾಂ ಆಗಿರಬಹುದು. ಲೇಬಲ್‌ನಲ್ಲಿ 100 ಅಂತ ಇದ್ದರೆ ಕೊಂಡವರಿಗೆ ಮೋಸ ಆಯಿತು, ಅಲ್ವಾ?

ಒಂದು ಉದಾಹರಣೆ ನೋಡೋಣ. ಒಣಗಿದ ಮೇಲೆ 100 ಗ್ರಾಂ ಬೇಕು. ನಿಮ್ಮ ಸೋಪು ನೂರಕ್ಕೆ 12ರಷ್ಟು ಇಳಿಯುತ್ತದೆ ಅಂದುಕೊಳ್ಳಿ. 100ನ್ನು 0.88ರಿಂದ ಭಾಗಿಸಿದರೆ 113.6 ಗ್ರಾಂ. ಸ್ವಲ್ಪ ಹೆಚ್ಚುವರಿ ಸೇರಿಸಿ 115 ಅಂತ ಇಟ್ಟುಕೊಳ್ಳೋಣ.

ಈಗ ದಿಮ್ಮಿಯನ್ನು ಇಡಿಯಾಗಿ ತೂಗಿ. ಅದು 1,500 ಗ್ರಾಂ, ಉದ್ದ 30 ಸೆಂ.ಮೀ. ಅಂದರೆ ಒಂದು ಸೆಂ.ಮೀ.ಗೆ 50 ಗ್ರಾಂ. 115 ಗ್ರಾಂ ಬೇಕಾದರೆ ದಪ್ಪ 2.3 ಸೆಂ.ಮೀ. ಎರಡೂ ತುದಿಯಿಂದ ಅರ್ಧರ್ಧ ಸೆಂ.ಮೀ. ಕತ್ತರಿಸಿ ತೆಗೆದರೆ 29 ಸೆಂ.ಮೀ. ಉಳಿಯುತ್ತದೆ. ಅದರಲ್ಲಿ 12 ಬಿಲ್ಲೆ ಬರುತ್ತವೆ, ಜೊತೆಗೆ ಒಂದೂವರೆ ಸೆಂ.ಮೀ.ಗಿಂತ ಕಡಿಮೆ ಇರುವ ಒಂದು ತುಂಡು. ಆ ತುಂಡಿಗೆ ಆಮೇಲೆ ಕೆಲಸ ಇದೆ, ಎಸೆಯಬೇಡಿ.

ಇದೇ ಲೆಕ್ಕದಲ್ಲಿ 1 ಮಿ.ಮೀ. ಅಂದರೆ 5 ಗ್ರಾಂ. ಕಣ್ಣಳತೆಯಲ್ಲಿ ಕತ್ತರಿಸುವವರು ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು, ಮತ್ತೆ ಕಣ್ಣಳತೆಗೆ ಹೋಗುವುದಿಲ್ಲ.

ನಿಮ್ಮ ಸೋಪು ಎಷ್ಟು ಇಳಿಯುತ್ತದೆ ಅಂತ ತಿಳಿಯಲು ಬೇರೆಯವರ ಅಂಕಿ ನಂಬಬೇಡಿ. ಮೂರು ಬಿಲ್ಲೆಗಳಿಗೆ ಗುರುತು ಹಾಕಿ, ಕತ್ತರಿಸಿದ ದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೊದಲೆರಡು ವಾರ ಸರಸರನೆ ಇಳಿಯುತ್ತದೆ, ಆಮೇಲೆ ನಿಧಾನ. ಒಂದು ವಾರದಿಂದ ಇನ್ನೊಂದು ವಾರಕ್ಕೆ ಹೆಚ್ಚು ಕಡಿಮೆ ಅದೇ ತೂಕ ಬಂದಾಗ ನಿಮ್ಮ ಅಂಕಿ ಸಿಕ್ಕಿತು. ಎಣ್ಣೆ ಅಥವಾ ನೀರಿನ ಪ್ರಮಾಣ ಬದಲಿಸಿದರೆ ಮತ್ತೆ ಇದನ್ನೇ ಮಾಡಬೇಕು.

ಯಾವಾಗ ಕತ್ತರಿಸಬೇಕು

ಎಲ್ಲರೂ ಕೇಳುವ ಪ್ರಶ್ನೆ ಇದು. ಗಡಿಯಾರ ನೋಡಿ ಉತ್ತರ ಕೊಡಲು ಆಗುವುದಿಲ್ಲ. ಸಾಮಾನ್ಯ ಕೋಲ್ಡ್ ಪ್ರೋಸೆಸ್ ಸೋಪಿಗೆ 24ರಿಂದ 48 ಗಂಟೆ ಅಂತಾರೆ. ಅದು ಸುಮಾರಾಗಿ ಸರಿ. ಆದರೆ ಎಣ್ಣೆ ಬದಲಾದರೆ ಗಂಟೆಯೂ ಬದಲಾಗುತ್ತದೆ.

ಆಲಿವ್ ಎಣ್ಣೆಯೊಂದರಲ್ಲೇ ಮಾಡಿದ ಸೋಪು ಸೋಮಾರಿ. ಕೆಲವು ಸಲ ಅಚ್ಚಿನಲ್ಲೇ ನಾಲ್ಕೈದು ದಿನ, ವಾರದವರೆಗೂ ಮೆತ್ತಗೇ ಇರುತ್ತದೆ. ತೆಂಗಿನ ಎಣ್ಣೆ ಜಾಸ್ತಿ ಇದ್ದರೆ ಇದಕ್ಕೆ ಪೂರ್ತಿ ಉಲ್ಟಾ, ಒಂದು ರಾತ್ರಿ ಬಿಟ್ಟರೆ ಕಲ್ಲಾಗಿರುತ್ತದೆ. ಕೋಕೋ ಬೆಣ್ಣೆ, ಜೇನುಮೇಣ ಹಾಕಿದವೂ ಬೇಗ ಬಿಗಿಯುತ್ತವೆ. ಎಲ್ಲಕ್ಕಿಂತ ಹಟಮಾರಿ ಅಂದರೆ ಉಪ್ಪಿನ ಸೋಪು. ಉಪ್ಪು ಜಾಸ್ತಿ ಹಾಕಿದ ದಿಮ್ಮಿಯನ್ನು ಸುರಿದ ಕೆಲವೇ ಗಂಟೆಗಳಲ್ಲಿ, ಇನ್ನೂ ಬೆಚ್ಚಗಿರುವಾಗಲೇ ಕತ್ತರಿಸಬೇಕು. ತಡವಾದರೆ ಬಿಲ್ಲೆ ಬರುವುದಿಲ್ಲ, ಪುಡಿ ಬರುತ್ತದೆ. ನಿಜ ಹೇಳಬೇಕೆಂದರೆ ಉಪ್ಪಿನ ಸೋಪನ್ನು ಬಿಡಿ ಬಿಡಿ ಗುಳಿಯ ಅಚ್ಚಿನಲ್ಲಿ ಸುರಿಯುವುದೇ ಜಾಣತನ. ನಾನು ದಿಮ್ಮಿ ಮಾಡುವುದನ್ನು ಬಿಟ್ಟೇ ಬಿಟ್ಟಿದ್ದೇನೆ.

ಅಚ್ಚಿನೊಳಗೆ ಸೋಪು ಬಿಸಿಯೇರಿ, ಅರೆಪಾರದರ್ಶಕವಾಗುವ ಜೆಲ್ ಹಂತ ದಾಟಿದ್ದರೆ ಬೇಗ ಗಟ್ಟಿಯಾಗುತ್ತದೆ. ತಣ್ಣಗಿಟ್ಟು ಜೆಲ್ ಆಗದಂತೆ ತಡೆದಿದ್ದರೆ ಇನ್ನೂ ಒಂದೆರಡು ದಿನ ಕಾಯಬೇಕಾಗಬಹುದು. ಬೇಯಿಸಿ ಮಾಡುವ ಹಾಟ್ ಪ್ರೋಸೆಸ್ ಸೋಪು ಅಚ್ಚಿಗೆ ತುಂಬಿದ ಮಾರನೇ ದಿನ ಸಾಮಾನ್ಯವಾಗಿ ಕತ್ತರಿಸಲು ತಯಾರು. ಕರಗಿಸಿ ಸುರಿಯುವ ಸಿದ್ಧ ಬೇಸ್ ಆದರೆ ಪೂರ್ತಿ ತಣಿದರೆ ಸಾಕು, ಅದಕ್ಕೆ ಕ್ಯೂರಿಂಗ್ ಗೋಜು ಇಲ್ಲ.

ಹಾಗಾದರೆ ನೋಡುವುದು ಹೇಗೆ? ಕೈಗವಸು ಹಾಕಿಕೊಂಡು ದಿಮ್ಮಿಯ ತುದಿಯನ್ನು, ಹೇಗೂ ಕತ್ತರಿಸಿ ತೆಗೆಯುವ ಭಾಗವನ್ನು, ಹೆಬ್ಬೆರಳಿನಿಂದ ಒತ್ತಿ. ಬೆರಳು ಒಳಗೆ ಹೋಗಿ ಹಳ್ಳ ಉಳಿದರೆ ಇನ್ನೂ ಬೇಗ. ಗವಸಿಗೆ ಅಂಟಿ ಎಳೆ ಎದ್ದರೂ ಬೇಗ. ಬಲವಾಗಿ ಒತ್ತಿದರೂ ಗುರುತೇ ಬೀಳದಿದ್ದರೆ ತಡವಾಯಿತು ಅಂತ ಅರ್ಥ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಚೀಸ್ ಥರ ಇರಬೇಕು. ಒತ್ತಿದರೆ ಮೆಲ್ಲಗೆ ಗುರುತು ಬೀಳಬೇಕು, ಆದರೆ ಕುಸಿಯಬಾರದು.

ಅಚ್ಚಿನಿಂದ ತೆಗೆದ ತಕ್ಷಣವೇ ಕತ್ತರಿಸಬೇಕಿಲ್ಲ. ಅಚ್ಚಿನಲ್ಲಿದ್ದಾಗ ಪಕ್ಕ ಮತ್ತು ತಳ ಒದ್ದೆಯಾಗಿರುತ್ತವೆ. ಹೊರಗೆ ತೆಗೆದು ನಾಲ್ಕೈದು ಗಂಟೆ ಗಾಳಿಗೆ ಬಿಟ್ಟರೆ ಮೇಲ್ಮೈ ಬಿಗಿಯುತ್ತದೆ, ಕತ್ತರಿಸುವಾಗ ಅಂಟುವುದಿಲ್ಲ. ಅಚ್ಚಿನಿಂದ ಬರುತ್ತಿಲ್ಲ ಅಂತ ಫ್ರೀಜರ್‌ನಲ್ಲಿ ಇಟ್ಟಿದ್ದರೆ, ಹೊರಬಂದ ದಿಮ್ಮಿಯನ್ನು ಕೋಣೆಯ ಬಿಸಿಗೆ ಬರಲು ಬಿಡಿ, ಮೇಲೆ ಕೂತ ನೀರಿನ ಹನಿ ಆರಲಿ. ಹೆಪ್ಪುಗಟ್ಟಿದ ಸೋಪು ತಂತಿಗೆ ಸಿಕ್ಕರೆ ಬಿರುಕು ಬಿಡುತ್ತದೆ.

ಪ್ರತಿ ಸಲವೂ ಮೆತ್ತಗಾಗುತ್ತಿದ್ದರೆ ಸೋಡಿಯಂ ಲ್ಯಾಕ್ಟೇಟ್ ದ್ರಾವಣ ನೆರವಿಗೆ ಬರುತ್ತದೆ. ಎಣ್ಣೆಯ ತೂಕದ ನೂರಕ್ಕೆ 1ರಿಂದ 3ರಷ್ಟನ್ನು, ತಣಿದ ಕಾಸ್ಟಿಕ್ ನೀರಿಗೆ ಸೇರಿಸುತ್ತಾರೆ. ಜಾಸ್ತಿಯಾದರೆ ಸೋಪು ಪುಡಿಪುಡಿಯಾಗುತ್ತದೆ, ಹಾಗಾಗಿ ಕಡಿಮೆಯಿಂದ ಶುರು ಮಾಡಿ.

ಚಾಕುವೋ ತಂತಿಯೋ

ಅಡುಗೆಮನೆಯ ಚಾಕುವಿನ ತೊಂದರೆ ಅದರ ಆಕಾರದಲ್ಲೇ ಇದೆ. ಬಾಯಿ ತೆಳು, ಬೆನ್ನು ದಪ್ಪ. ಸೋಪಿನೊಳಗೆ ಇಳಿದಂತೆ ಬೆಣೆ ಹೊಡೆದ ಹಾಗೆ ಎರಡೂ ಬದಿಗೆ ತಳ್ಳುತ್ತದೆ. ಬಿಲ್ಲೆ ಬಾಗುತ್ತದೆ, ಚಾಕು ಸೊಟ್ಟಗೆ ಹೋಗುತ್ತದೆ. ಒಂದೇ ಬದಿ ಮಸೆದ ಚಾಕುವಂತೂ ಯಾವಾಗಲೂ ಒಂದು ಕಡೆಗೇ ಎಳೆಯುತ್ತದೆ. ಗರಗಸದ ಹಲ್ಲಿನ ಬ್ರೆಡ್ ಚಾಕು ಬೇಡವೇ ಬೇಡ, ಮುಖದ ತುಂಬಾ ಗೀರು ಬೀಳುತ್ತದೆ.

ದುಡ್ಡು ಹಾಕದೆ ಶುರು ಮಾಡುವುದಾದರೆ ದಿಮ್ಮಿಯ ಎತ್ತರಕ್ಕಿಂತ ಆಳವಿರುವ ನೇರವಾದ ಸ್ಟೀಲ್ ಸ್ಕ್ರೇಪರ್, ಅಂದರೆ ಹಿಟ್ಟು ಕತ್ತರಿಸುವ ತೆಳು ಪಟ್ಟಿ, ಮತ್ತು ಬಡಗಿಗಳು ಬಳಸುವ ಮೈಟರ್ ಬಾಕ್ಸ್ ಸಾಕು. ಬಾಕ್ಸಿನ ಸೀಳು ಸ್ಕ್ರೇಪರನ್ನು ನೆಟ್ಟಗೆ ಹಿಡಿಯುತ್ತದೆ. ಅಲ್ಯೂಮಿನಿಯಂ ಸಾಮಾನು ಮಾತ್ರ ಬೇಡ. ಕಾಸ್ಟಿಕ್ ಸೋಡಾಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ.

ತಿಂಗಳಿಗೆ ಎರಡು ಮೂರು ದಿಮ್ಮಿಗಿಂತ ಜಾಸ್ತಿ ಮಾಡುತ್ತೀರಾದರೆ ಒಂಟಿ ತಂತಿಯ ಕಟರ್ ತೆಗೆದುಕೊಳ್ಳಿ ಅಥವಾ ಮಾಡಿಸಿಕೊಳ್ಳಿ. ತಂತಿಗೆ ದಪ್ಪವೇ ಇಲ್ಲದಂತೆ ಇರುವುದರಿಂದ ಸೋಪನ್ನು ತಳ್ಳುವುದಿಲ್ಲ. ಸುತ್ತು ಹಾಕದ ನುಣುಪಾದ ಸ್ಟೀಲ್ ಗಿಟಾರ್ ತಂತಿ, 0.3ರಿಂದ 0.5 ಮಿ.ಮೀ. ಒಳಗಿನದು, ಚೆನ್ನಾಗಿ ಕೆಲಸ ಮಾಡುತ್ತದೆ. ತಂತಿ ಬಿಗಿ ಇದೆಯಾ ಅಂತ ಬೆರಳಲ್ಲಿ ಮೀಟಿ ನೋಡಿ. 'ಟಿಂಗ್' ಅಂತ ನಾದ ಬರಬೇಕು. 'ದಬ್' ಅಂದರೆ ಸಡಿಲ. ಸಡಿಲ ತಂತಿ ಸೋಪಿನ ನಡುವೆ ಬಿಲ್ಲಿನಂತೆ ಬಾಗುತ್ತದೆ, ಕತ್ತರಿಸಿದ ಮುಖ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು.

ಹತ್ತಾರು ತಂತಿಗಳ ದೊಡ್ಡ ಕಟರ್ ಒಂದೇ ಒತ್ತಿಗೆ ಇಡೀ ದಿಮ್ಮಿಯನ್ನು ಬಿಲ್ಲೆ ಮಾಡುತ್ತದೆ. ನೋಡಲು ಖುಷಿ. ಆದರೆ ತಂತಿಗಳ ನಡುವಿನ ಅಂತರ ಬದಲಿಸುವುದು ಕಷ್ಟ, ನಿಮ್ಮ ಅಚ್ಚಿನ ತೂಕಕ್ಕೆ ಅದು ಹೊಂದದಿದ್ದರೆ ದುಡ್ಡು ದಂಡ. ಮೊದಲು ದಪ್ಪದ ಲೆಕ್ಕ ಮುಗಿಸಿ, ಆಮೇಲೆ ಕಟರ್ ಆರಿಸಿ.

ಕತ್ತರಿಸುವ ಹೊತ್ತು

ಒಂದೆರಡು ದಿನದ ಸೋಪು ಇನ್ನೂ ಖಾರವಾಗಿರಬಹುದು, ಅಂದರೆ ಅದರಲ್ಲಿನ ಕಾಸ್ಟಿಕ್ ಚರ್ಮವನ್ನು ಉರಿಸಬಹುದು. ಕೈಗವಸು ಹಾಕಿ. ಬಿಗಿದ ತಂತಿ ತುಂಡಾದರೆ ಮುಖಕ್ಕೆ ಹಾರುತ್ತದೆ, ಹಾಗಾಗಿ ಕನ್ನಡಕವೂ ಬೇಕು.

1. ಕಟರ್ ನೆಟ್ಟಗಿದೆಯಾ ನೋಡಿ. ಬಡಗಿಯ ಮೂಲೆಮಟ್ಟವನ್ನು ತಳದ ಮೇಲಿಟ್ಟು ತಂತಿಗೆ ತಾಗಿಸಿ. ನಡುವೆ ಬೆಳಕು ಕಂಡರೆ ಆ ಕಡೆ ಸರಿಪಡಿಸಿ. ಹಿಂದಿನ ಆಸರೆ ಹಲಗೆಗೂ ತಂತಿಗೂ 90 ಡಿಗ್ರಿ ಇರಬೇಕು.

2. ತಡೆಗಟ್ಟೆ ಕೂರಿಸಿ. ತಂತಿಯಿಂದ ಸರಿಯಾಗಿ 2.3 ಸೆಂ.ಮೀ. ದೂರದಲ್ಲಿ ಒಂದು ಮರದ ತುಂಡನ್ನು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ದಿಮ್ಮಿಯನ್ನು ಪ್ರತಿ ಸಲ ಇದಕ್ಕೆ ತಾಗಿಸಿದರೆ ಸಾಕು, ಗುರುತು ಹಾಕುವ ಕೆಲಸವೇ ಇಲ್ಲ. ತಡೆಗಟ್ಟೆ ಇಲ್ಲದೆ ಗುರುತು ಹಾಕುವವರು ಎಲ್ಲ ಗುರುತುಗಳನ್ನೂ ಒಂದೇ ತುದಿಯಿಂದ ಅಳೆಯಿರಿ: 2.3, 4.6, 6.9 ಹೀಗೆ. ಹಿಂದಿನ ಗುರುತಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ.

3. ದಿಮ್ಮಿಯನ್ನು ಪಕ್ಕಕ್ಕೆ ಮಲಗಿಸಿ. ಮೇಲ್ಭಾಗದಲ್ಲಿ ಹೂವಿನ ಎಸಳು, ಬೀಜ, ಓಟ್ಸ್ ಉದುರಿಸಿದ್ದರೆ ಇದು ಕಡ್ಡಾಯ. ಮೇಲಿನಿಂದ ಕತ್ತರಿಸಿದರೆ ತಂತಿ ಆ ಬೀಜವನ್ನು ಎಳೆದುಕೊಂಡೇ ಕೆಳಗಿಳಿಯುತ್ತದೆ, ಮುಖದುದ್ದಕ್ಕೂ ಗೀಟು ಬೀಳುತ್ತದೆ. ಮಲಗಿಸಿದಾಗ ಅಲಂಕಾರದ ಭಾಗ ಪಕ್ಕದಲ್ಲಿರುತ್ತದೆ, ಗೀಟು ಅಂಚಿನಲ್ಲೇ ನಿಲ್ಲುತ್ತದೆ.

4. ಮೊದಲು ಒಂದು ತುದಿ ತೆಗೆಯಿರಿ. ಅಚ್ಚಿನ ತುದಿ ಸಾಮಾನ್ಯವಾಗಿ ಓರೆ, ಮೂಲೆಗಳು ದುಂಡಗೆ. ಈ ಮೊದಲ ನೇರ ಮುಖವೇ ಉಳಿದೆಲ್ಲದಕ್ಕೂ ಅಳತೆಗೋಲು. ಇದು ಓರೆಯಾದರೆ ಹಿಂದೆ ಬರುವ ಹನ್ನೆರಡೂ ಓರೆ.

5. ಒಂದು ಬಿಲ್ಲೆ ಕತ್ತರಿಸಿ ನಿಲ್ಲಿಸಿ. ತೂಗಿ. 115 ಬಂತಾ? 110 ಬಂದರೆ ತಡೆಗಟ್ಟೆಯನ್ನು 1 ಮಿ.ಮೀ. ಹಿಂದಕ್ಕೆ ಸರಿಸಿ. ಸರಿಯಾದ ಮೇಲೆ ಮುಂದುವರಿಸಿ. ಈ ಒಂದು ನಿಮಿಷ ಉಳಿಸಲು ಹೋಗಿ ಇಡೀ ದಿಮ್ಮಿ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬಳು.

6. ತಂತಿಯನ್ನು ಒಂದೇ ವೇಗದಲ್ಲಿ, ನಿಲ್ಲಿಸದೆ ಇಳಿಸಿ. ಶುರುವಿನಲ್ಲಿ ಸ್ವಲ್ಪ ಒತ್ತಡ ಬೇಕಾಗುತ್ತದೆ, ಆಮೇಲೆ ತಾನೇ ಜಾರುತ್ತದೆ. ನಡುವೆ ನಿಲ್ಲಿಸಿದರೆ ಆ ಜಾಗದಲ್ಲಿ ಅಡ್ಡಗೆರೆ ಉಳಿಯುತ್ತದೆ. ಎಡಗೈ ದಿಮ್ಮಿಯನ್ನು ಆಸರೆ ಹಲಗೆಗೆ ಮೆಲ್ಲಗೆ ಒತ್ತಿ ಹಿಡಿದಿರಲಿ. ಗಟ್ಟಿಯಾಗಿ ಅದುಮಿದರೆ ಬೆರಳಿನ ಗುರುತು ಬೀಳುತ್ತದೆ, ಮೆತ್ತಗಿನ ಸೋಪಾದರೆ ದಿಮ್ಮಿಯೇ ಬಾಗುತ್ತದೆ.

7. ತಂತಿ ತಳ ಮುಟ್ಟಿದ ಮೇಲೆ ಮೊದಲು ಬಿಲ್ಲೆಯನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ, ಆಮೇಲೆ ತಂತಿ ಎತ್ತಿ. ಅದೇ ದಾರಿಯಲ್ಲಿ ಮೇಲೆ ಎಳೆದರೆ ನುಣುಪಾದ ಮುಖ ಮತ್ತೆ ಉಜ್ಜಿಹೋಗುತ್ತದೆ.

8. ಪ್ರತಿ ಬಿಲ್ಲೆಯ ನಂತರ ತಂತಿಯನ್ನು ಬಟ್ಟೆಯಿಂದ ಒರೆಸಿ. ತಡೆಗಟ್ಟೆಯ ಮುಖವನ್ನೂ ಒರೆಸಿ. ಅಲ್ಲಿ ಅಂಟಿಕೊಂಡ ಒಂದು ಚೂರು ಸೋಪೇ ಮುಂದಿನ ಬಿಲ್ಲೆಯನ್ನು 1 ಮಿ.ಮೀ. ತೆಳ್ಳಗೆ ಮಾಡುತ್ತದೆ. 5 ಗ್ರಾಂ ಹೋಯಿತು!

ಅಗಲವಾದ ತಟ್ಟೆ ಅಚ್ಚಿನಲ್ಲಿ ಸುರಿಯುವವರು ಮೊದಲು ಉದ್ದುದ್ದ ಪಟ್ಟಿ ಮಾಡಿಕೊಂಡು, ಪ್ರತಿ ಪಟ್ಟಿಯನ್ನೂ ಮೇಲಿನಂತೆಯೇ ಕತ್ತರಿಸಬೇಕು. ಪಟ್ಟಿಗಳ ಅಗಲ ತಪ್ಪಿದರೆ ಬಿಲ್ಲೆಯ ದಪ್ಪ ಸರಿಯಿದ್ದೂ ಉಪಯೋಗವಿಲ್ಲ.

ಕತ್ತರಿಸಿದ ಮುಖ ಏನು ಹೇಳುತ್ತದೆ

ತಂತಿಗೆ ಸೋಪು ಮೆತ್ತಿಕೊಂಡು, ಮುಖ ತುಪ್ಪಳದಂತೆ ಒರಟಾಗಿದ್ದರೆ ಅವಸರ ಮಾಡಿದ್ದೀರಿ. ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಬಿಡಿ. ಉಳಿದ ದಿಮ್ಮಿಗೆ ಏನೂ ಆಗುವುದಿಲ್ಲ.

ಅಂಚು ಉದುರುತ್ತಿದ್ದರೆ, ಕೆಳಗಿನ ಮೂಲೆ ಚೂರಾಗಿ ಸಿಡಿದರೆ ತಡವಾಗಿದೆ. ದಿಮ್ಮಿಯನ್ನು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಸ್ವಲ್ಪ ಮೆದುವಾದರೆ ತಂತಿ ಸಲೀಸಾಗಿ ಇಳಿಯುತ್ತದೆ.

ನಡುವೆ ಗಾಢ ಬಣ್ಣದ ವೃತ್ತ, ಸುತ್ತ ತಿಳಿ ಬಣ್ಣ ಕಂಡರೆ ಗಾಬರಿ ಬೇಡ. ನಡುವೆ ಮಾತ್ರ ಜೆಲ್ ಆಗಿದೆ. ಬಳಸಲು ತೊಂದರೆಯಿಲ್ಲ, ನೋಟ ಮಾತ್ರ ಕೆಟ್ಟಿದೆ. ಮೇಲ್ಮೈಯಲ್ಲಿ ಬಿಳಿ ಬೂದಿಯಂಥ ಪದರ ಇದ್ದರೆ ಅದು ಸೋಡಾ ಆಶ್, ಕೆರೆದರೆ ಅಥವಾ ಹಬೆ ಹಿಡಿದರೆ ಹೋಗುತ್ತದೆ.

ಆದರೆ ಗುಳಿಯಿಂದ ದ್ರವ ಒಸರಿದರೆ, ಅಥವಾ ಬಿಳಿ ಹರಳು ಇಲ್ಲವೇ ಪುಡಿ ತುಂಬಿದ ಗುಳಿ ಕಂಡರೆ ಅದು ಬೇರೆ ಮಾತು. ಬೆರೆಯದೆ ಉಳಿದ ಕಾಸ್ಟಿಕ್ ಇರಬಹುದು. ಆ ದಿಮ್ಮಿಯ ಒಂದೇ ಒಂದು ಬಿಲ್ಲೆಯನ್ನೂ ಮಾರಬೇಡಿ. ಚೆನ್ನಾಗಿ ಕಾಣುವ ಬಿಲ್ಲೆಯೊಳಗೂ ಅಂಥ ಗುಳಿ ಅಡಗಿರಬಹುದು.

ಆಮೇಲಿನ ಕೆಲಸ

ಕತ್ತರಿಸಿದ ಬಿಲ್ಲೆಗಳನ್ನು ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟು ನಿಲ್ಲಿಸಿ. ಬರಿ ಕಬ್ಬಿಣದ ಜಾಲರಿ ಮೇಲೆ ಇಡಬೇಡಿ, ತುಕ್ಕಿನ ಕಲೆ ಹತ್ತುತ್ತದೆ. ಮರದ ಹಲಗೆಯ ಮೇಲೆ ಕಾಗದ ಹಾಸಿದರೆ ಸಾಕು. ಮೊದಲ ವಾರ ದಿನ ಬಿಟ್ಟು ದಿನ ಮಗ್ಗುಲು ಬದಲಿಸಿ. ಒಂದೇ ಬದಿ ಒಣಗಿದರೆ ಬಿಲ್ಲೆ ಹಪ್ಪಳದಂತೆ ಬಾಗುತ್ತದೆ, ಆಮೇಲೆ ಪೆಟ್ಟಿಗೆಯಲ್ಲಿ ಕೂರುವುದಿಲ್ಲ.

ಅಂಚು ಕೀಸಲು ಎರಡು ಮೂರು ದಿನ ತಡೆಯಿರಿ. ತರಕಾರಿ ಸಿಪ್ಪೆ ತೆಗೆಯುವ ಪೀಲರ್ ಸಾಕು, ಮೂಲೆಯ ಮೇಲೆ ಒಂದೇ ಎಳೆತ. ಚೂಪು ಅಂಚು ಹೋದರೆ ಕೈಗೆ ಹಿತ, ಸಾಗಿಸುವಾಗ ಮುರಿಯುವುದೂ ಕಡಿಮೆ. ಇಲ್ಲಿ ಒಂದೆರಡು ಗ್ರಾಂ ಹೋಗುತ್ತದೆ, ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಮುದ್ರೆ ಒತ್ತುವುದಾದರೂ ಇದೇ ಸಮಯ: ಅಂಟಬಾರದು, ಬಿರುಕೂ ಬಿಡಬಾರದು. ತುದಿ ತುಂಡಿನ ಮೇಲೆ ಒಮ್ಮೆ ಒತ್ತಿ ನೋಡಿ. ಆ ತುಂಡು ಉಳಿಸಿಕೊಳ್ಳಿ ಅಂದಿದ್ದು ಇದಕ್ಕೇ. ಇನ್ನೂ ಉಳಿದರೆ ಮಾದರಿ ತುಂಡಾಗಿ ಕೊಡಬಹುದು, ತುರಿದು ಮುಂದಿನ ದಿಮ್ಮಿಗೂ ಸೇರಿಸಬಹುದು.

ಲೇಬಲ್ ಅಂಟಿಸುವ ಮೊದಲು, ಕ್ಯೂರಿಂಗ್ ಮುಗಿದ ಮೇಲೆ, ಎಲ್ಲ ಬಿಲ್ಲೆಗಳನ್ನೂ ಮತ್ತೆ ತೂಗಿ. ಸರಾಸರಿ ತೂಕ ಬರೆಯುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸರಿಕಾಣುವುದಿಲ್ಲ. ಸರಾಸರಿ 100 ಅಂದರೆ ಅರ್ಧದಷ್ಟು ಜನರಿಗೆ ಕಡಿಮೆ ಹೋಯಿತು ಅಂತಲೇ. ಅತಿ ಹಗುರವಾದ ಬಿಲ್ಲೆಯೂ ದಾಟುವ ಅಂಕಿಯನ್ನು ಬರೆಯಿರಿ. 98 ಬಂದದ್ದನ್ನು ಬೇರೆ ಇಟ್ಟು ಮನೆಗೆ ಬಳಸಿ. ತೂಕ ಬರೆಯುವ ನಿಯಮ ದೇಶದಿಂದ ದೇಶಕ್ಕೆ ಬೇರೆ ಇರುವುದರಿಂದ ನಿಮ್ಮಲ್ಲಿನದನ್ನು ಒಮ್ಮೆ ಓದಿಕೊಳ್ಳಿ. ಪೆಟ್ಟಿಗೆ ಅಥವಾ ಸುತ್ತುಪಟ್ಟಿಯ ಅಳತೆಯನ್ನೂ ಒಣಗಿದ ಬಿಲ್ಲೆಯಿಂದಲೇ ತೆಗೆದುಕೊಳ್ಳಿ. ಹಸಿ ಬಿಲ್ಲೆಗೆ ಬಿಗಿಯಾಗಿ ಕೂತ ಪಟ್ಟಿ ಆರು ವಾರದ ನಂತರ ಬಳೆಯಂತೆ ಜಾರುತ್ತದೆ.

ಕಟರನ್ನು ಮರೆಯಬೇಡಿ. ತಂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಬಿಗಿಯನ್ನು ಒಂದರ್ಧ ಸುತ್ತು ಸಡಿಲಿಸಿಡಿ. ಮುಂದಿನ ದಿಮ್ಮಿಗೆ ಮತ್ತೆ ಬಿಗಿ ಮಾಡಿ, ಮೀಟಿ, ನಾದ ಕೇಳಿ ಶುರು ಮಾಡಿ. ಹೆಚ್ಚುವರಿ ತಂತಿ ಒಂದು ಮನೆಯಲ್ಲಿರಲಿ. ಅದು ತುಂಡಾಗುವುದು ಯಾವಾಗಲೂ ದಿಮ್ಮಿಯ ನಟ್ಟನಡುವೆಯೇ.